ಮುಕ್ಕಾಲು ಗೊತ್ತು, 3/4 ಗೊತ್ತಿಲ್ಲ

ಹೋದ ವಾರ ಆರನೇ ತರಗತಿಗೆ ಒಂದು ಲೆಕ್ಕ ಕೊಟ್ಟೆ. 3/4ಕ್ಕೆ 1/8 ಕೂಡಿಸಬೇಕು. ಮುಂದಿನ ಸಾಲಿನ ಹುಡುಗಿ ಎರಡೇ ನಿಮಿಷದಲ್ಲಿ ಪುಸ್ತಕ ತಂದು ತೋರಿಸಿದಳು. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 8. ಮೇಲೆ 6 ಮತ್ತು 1 ಕೂಡಿಸಿ 7. ಉತ್ತರ 7/8. ಸ್ಕೇಲ್ ಇಟ್ಟು ಗೆರೆ ಎಳೆದು, ಉತ್ತರದ ಸುತ್ತ ಚೌಕ ಕೂಡ ಹಾಕಿದ್ದಳು. ರೈಟ್ ಹಾಕಿದೆ. ಪುಸ್ತಕ ವಾಪಸ್ ಕೊಡುವಾಗ ಸುಮ್ನೆ ಕೇಳಿದೆ, "ಇದು ಒಂದಕ್ಕಿಂತ ಜಾಸ್ತಿನಾ, ಕಮ್ಮಿನಾ ಪುಟ್ಟಾ?"

ನನ್ನ ಮುಖ ನೋಡಿದಳು. ಪುಸ್ತಕ ನೋಡಿದಳು. "ಜಾಸ್ತಿ ಮಿಸ್. ಏಳೂ ಎಂಟೂ ಒಂದಕ್ಕಿಂತ ದೊಡ್ಡದಲ್ವಾ?"

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡಲು ಶುರು ಮಾಡಿ ಹತ್ತೊಂಬತ್ತು ವರ್ಷ ಆಯಿತು. ಆ ಮಾತು ಕೇಳಿ ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಲೆಕ್ಕ ಪೂರ್ತಿ ಸರಿ. ಆದರೆ ಆ ಮಗುವಿನ ಕಣ್ಣಿಗೆ 7/8 ಒಂದು ಸಂಖ್ಯೆಯೇ ಅಲ್ಲ. ಒಂದು ಏಳು, ಒಂದು ಎಂಟು, ನಡುವೆ ಒಂದು ಗೆರೆ. ಅಷ್ಟೇ.

ಇಂಥ ಲೆಕ್ಕಗಳನ್ನು ನಾವು ಎಷ್ಟು ಮಾಡಿಸುತ್ತೇವೆ ಗೊತ್ತಾ? ಒಂದೇ ಥರದ್ದು ಮೂವತ್ತು, ನಲವತ್ತು. ಅದಕ್ಕೆ ಅಭ್ಯಾಸ ಅಂತ ಹೆಸರು. ಮಕ್ಕಳ ಕೈಗೆ ಅದು ಕೂತುಬಿಡುತ್ತದೆ. ಆ ಸಂಖ್ಯೆ ಎಷ್ಟು ದೊಡ್ಡದು ಅನ್ನುವುದು ಮಾತ್ರ ಎಲ್ಲೂ ಕೂರುವುದಿಲ್ಲ. ನನ್ನ ತಕರಾರು ಇದೊಂದೇ. ಲೆಕ್ಕಕ್ಕೆ ಮೊದಲು ಅಳತೆ ಬರಬೇಕು. ಎಷ್ಟಿದೆ, ಯಾವುದಕ್ಕಿಂತ ಜಾಸ್ತಿ, ಯಾವುದಕ್ಕಿಂತ ಕಮ್ಮಿ, ಅರ್ಧಕ್ಕೆ ಹತ್ತಿರವೋ ಒಂದಕ್ಕೆ ಹತ್ತಿರವೋ. ಇದರ ಅಭ್ಯಾಸ ಆಗಬೇಕು. ದಿನಾ ಹತ್ತೇ ನಿಮಿಷ ಸಾಕು.

ಈಗ ನಮ್ಮ ಮಾತನ್ನೇ ನೋಡಿ. ಮಕ್ಕಳು 2/5 ಅನ್ನು "ಟೂ ಬೈ ಫೈವ್" ಅಂತ ಓದುತ್ತಾರೆ. ಕನ್ನಡ ಮಾಧ್ಯಮದವರೂ ಅಷ್ಟೇ, "ಎರಡು ಬೈ ಐದು" ಅನ್ನುತ್ತಾರೆ. ಹಾಗೆ ಓದಿದರೆ ಕಿವಿಗೆ ಎರಡು ಸಂಖ್ಯೆಗಳೇ ಕೇಳಿಸುತ್ತವೆ. ಕನ್ನಡದಲ್ಲಿ ಅದು "ಐದನೇ ಎರಡು ಭಾಗ". ಮೊದಲು ಎಷ್ಟು ಭಾಗ ಮಾಡಿದೆವು ಅನ್ನುವುದು ಬರುತ್ತದೆ. ಆಮೇಲೆ ಎಷ್ಟು ತಗೊಂಡೆವು ಅನ್ನುವುದು. ರೊಟ್ಟಿ ಮುರಿಯುವಾಗ ಕೈ ಮಾಡುವ ಕೆಲಸವೂ ಅದೇ ಕ್ರಮದಲ್ಲೇ ಅಲ್ವಾ? ನಮ್ಮ ತರಗತಿಯಲ್ಲಿ ಈಗ "ಬೈ" ಅನ್ನುವುದನ್ನು ನಿಲ್ಲಿಸಿದ್ದೇವೆ. ಮೊದಮೊದಲು ಎಲ್ಲರೂ ತಡವರಿಸಿದರು. ಈಗ ಐದನೇ ತರಗತಿಯವರು ಕೂಡ "ಎಂಟನೇ ಏಳು ಭಾಗ" ಅಂತಾರೆ. "ಇನ್ನೊಂದು ಭಾಗ ಇದ್ದಿದ್ರೆ ಪೂರ್ತಿ ಆಗ್ತಿತ್ತು ಮಿಸ್" ಅಂತ ತಾವೇ ಸೇರಿಸುತ್ತಾರೆ.

ಇನ್ನು ಕಾಲು, ಅರ್ಧ, ಮುಕ್ಕಾಲು. ಒಂದೂಕಾಲು, ಎರಡೂವರೆ, ಮೂರೂಮುಕ್ಕಾಲು. ಇವನ್ನು ಯಾವ ಮಗುವಿಗೂ ಶಾಲೆಯಲ್ಲಿ ಕಲಿಸಬೇಕಾಗಿಲ್ಲ. ಅಂಗಡಿಗೆ ಹೋಗಿ "ಮುಕ್ಕಾಲು ಕೆಜಿ ಸಕ್ಕರೆ" ಅಂತ ಕೇಳಿ ತರುವ ಹುಡುಗ, ಬೋರ್ಡಿನ ಮೇಲೆ 3/4 ಬರೆದರೆ ಹೆದರುತ್ತಾನೆ. ಎರಡೂ ಒಂದೇ ಅಂತ ಯಾರೂ ಅವನಿಗೆ ಹೇಳಿಲ್ಲ.

ನಮ್ಮ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ರಾಗಿ ಅಳೆಯುವುದು ಅವರ ಕೆಲಸ. ನಾಲ್ಕು ಪಾವಿಗೆ ಒಂದು ಸೇರು, ನಾಲ್ಕು ಚಟಾಕಿಗೆ ಒಂದು ಪಾವು. ಅಂದರೆ ಚಟಾಕು ಸೇರಿನ ಹದಿನಾರನೇ ಒಂದು ಭಾಗ. "ಒಂದೂಮುಕ್ಕಾಲು ಸೇರಿಗೆ ಎಷ್ಟು ಪಾವು" ಅಂತ ಕೇಳಿದರೆ ಮೊರ ಕೇರುತ್ತಲೇ ಏಳು ಅನ್ನುತ್ತಿದ್ದರು. ಅಪ್ಪನಿಗೆ ಮುಕ್ಕಾಲು ಮಗ್ಗಿ ಬಾಯಿಪಾಠ ಇತ್ತು. ನಾನೂ ಈಗ ಅದನ್ನು ತರಗತಿಯಲ್ಲಿ ಹೇಳಿಸುತ್ತೇನೆ. ಒಂದು ಮುಕ್ಕಾಲು ಮುಕ್ಕಾಲು. ಎರಡು ಮುಕ್ಕಾಲು ಒಂದೂವರೆ. ಮೂರು ಮುಕ್ಕಾಲು ಎರಡೂಕಾಲು. ನಾಲ್ಕು ಮುಕ್ಕಾಲು ಮೂರು. ಮಕ್ಕಳಿಗೆ ಇದು ಹಾಡಿದ ಹಾಗೆ ಇರುತ್ತದೆ, ಬೆಂಚು ಕುಟ್ಟುತ್ತಾ ಹೇಳುತ್ತಾರೆ. ಆಮೇಲೆ ಬೋರ್ಡಿನ ಮೇಲೆ 3 × 3/4 ಬರೆದರೆ ಉತ್ತರ ಬಾಯಲ್ಲೇ ಇರುತ್ತದೆ.

ನೃಪತುಂಗನ ಹೆಸರು ಸಮಾಜ ಪಾಠದಲ್ಲಿ ಕೇಳಿರುತ್ತಾರೆ. ಅವನ ಕಾಲದಲ್ಲೇ, ಒಂಬತ್ತನೇ ಶತಮಾನದಲ್ಲಿ, ಅವನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯರು ಭಿನ್ನರಾಶಿಗಳ ಬಗ್ಗೆ ವಿಸ್ತಾರವಾಗಿ ಬರೆದರು. ಛೇದಗಳನ್ನು ಸಮ ಮಾಡೋಕೆ ಲ.ಸಾ.ಅ. ತೆಗೆಯುವ ಕ್ರಮವೂ ಅದರಲ್ಲಿದೆ. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಮ್ಮ ಕಡೆಯದೇ ಲೆಕ್ಕ ಅನ್ನಿಸಿದರೆ ಹೆದರಿಕೆ ಅರ್ಧ ಕಮ್ಮಿ.

ದಶಮಾಂಶದ ಕಥೆ ಬೇರೆ. 0.25 ದೊಡ್ಡದೋ, 0.3 ದೊಡ್ಡದೋ ಅಂತ ಕೇಳಿದೆ. ಮುಕ್ಕಾಲು ಪಾಲು ಕೈಗಳು 0.25ಕ್ಕೆ ಎದ್ದವು. ಇಪ್ಪತ್ತೈದು ಮೂರಕ್ಕಿಂತ ದೊಡ್ಡದಲ್ವಾ ಮಿಸ್! ಮಕ್ಕಳದ್ದು ತಪ್ಪಲ್ಲ. "ಪಾಯಿಂಟ್ ಇಪ್ಪತ್ತೈದು" ಅಂತ ಓದುವುದನ್ನು ಕಲಿಸಿದವರು ನಾವೇ. "ಬಿಂದು ಎರಡು ಐದು" ಅಂತ ಬಿಡಿಬಿಡಿಯಾಗಿ ಓದಿಸಿದ್ದರೆ, ಆ ಎರಡು ದಶಾಂಶ ಸ್ಥಾನದಲ್ಲಿದೆ, ಐದು ಶತಾಂಶ ಸ್ಥಾನದಲ್ಲಿದೆ ಅಂತ ಕಿವಿಗೂ ಗೊತ್ತಾಗುತ್ತಿತ್ತು.

ಆ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಬೆಳಗ್ಗೆ ಡೈರಿಗೆ ಹಾಲು ಹಾಕಿಯೇ ಶಾಲೆಗೆ ಬರುವವನು. ಅವನ ಜೇಬಿನಲ್ಲಿ ಡೈರಿಯ ಚೀಟಿ ಇತ್ತು. ತಗೊಂಡು ಬೋರ್ಡಿನ ಮೇಲೆ ಬರೆದೆ. ಲೀಟರ್ 6.4, ಫ್ಯಾಟ್ 3.9, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) 8.45. "ಇದು 8.5 ಬಂದಿದ್ರೆ ಒಳ್ಳೇದಿತ್ತಾ, ಇಷ್ಟೇ ಸಾಕಾ?" ಅಂತ ಕೇಳಿದೆ. "8.5 ಬಂದಿದ್ರೆ ಒಳ್ಳೇದಿತ್ತು ಮಿಸ್" ಅಂದ, ಒಂದು ಕ್ಷಣವೂ ಯೋಚಿಸದೆ. ಅಂಕಿ ಕಮ್ಮಿಯಾದರೆ ದರ ಕಮ್ಮಿ ಅನ್ನುವುದು ಅವನ ಮನೆಯಲ್ಲಿ ದಿನಾ ನಡೆಯುವ ಮಾತು. "ಹಾಗಾದ್ರೆ ನಲವತ್ತೈದಕ್ಕಿಂತ ಐದು ದೊಡ್ಡದಾ?" ಅಂದೆ. ಅವನು ನಿಂತಲ್ಲೇ ನಿಂತ. ಆಮೇಲೆ ನಿಧಾನಕ್ಕೆ ಬೋರ್ಡಿನ ಹತ್ತಿರ ಬಂದು 8.5ರ ಪಕ್ಕ ಒಂದು ಸೊನ್ನೆ ಬರೆದ. 8.50. "ಐವತ್ತು ಮಿಸ್, ಐದಲ್ಲ." ನಾನು ಏನೂ ಹೇಳಲಿಲ್ಲ. ಇಡೀ ತರಗತಿಗೆ ಅವನೇ ಇನ್ನೊಂದು ಸಲ ವಿವರಿಸಿದ.

ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೂ ಹೀಗೇ ಕಲಿಸುತ್ತದೆ. ಕಾಲು ಕೆಜಿ ಇಟ್ಟರೆ 0.250, ಮುನ್ನೂರು ಗ್ರಾಂ ಇಟ್ಟರೆ 0.300. ಸಂತೆಗೆ ಹೋದಾಗ ಮಕ್ಕಳಿಂದಲೇ ಓದಿಸಿ. ದುಡ್ಡು ಖರ್ಚಿಲ್ಲದ ಪಾಠ.

ಈಗ ಹಗ್ಗದ ವಿಷಯ ಹೇಳಬೇಕು. ಕಿಟಕಿಯಿಂದ ಬಾಗಿಲಿಗೆ ಒಂದು ಹಗ್ಗ ಕಟ್ಟಿದ್ದೇನೆ. ಕಿಟಕಿ ಕಡೆ 0, ಬಾಗಿಲ ಕಡೆ 1. ದಿನಾ ಮೂರು ಮಕ್ಕಳಿಗೆ ಮೂರು ಚೀಟಿ. ಬಟ್ಟೆ ಒಣಗಿಸುವ ಕ್ಲಿಪ್‌ನಲ್ಲಿ ಅದನ್ನು ಸರಿಯಾದ ಜಾಗಕ್ಕೆ ಸಿಕ್ಕಿಸಬೇಕು. ಬರೆದು ಲೆಕ್ಕ ಮಾಡುವಂತಿಲ್ಲ. ಮೊನ್ನೆ ಬಂದ ಚೀಟಿಗಳು 3/8, 0.4, ಶೇಕಡಾ 35. 0.4 ಸಿಕ್ಕಿದವನು ಹಗ್ಗವನ್ನು ಕಣ್ಣಲ್ಲೇ ಹತ್ತು ಭಾಗ ಮಾಡಿ ನಾಲ್ಕನೆಯದಕ್ಕೆ ಹಾಕಿದ. ಶೇಕಡಾ 35 ಸಿಕ್ಕಿದವಳು ಅವನ ಕ್ಲಿಪ್ ನೋಡಿ, "ಅದು ನಲವತ್ತು, ನಂದು ಐದು ಕಮ್ಮಿ" ಅಂತ ಸ್ವಲ್ಪ ಹಿಂದೆ ಹಾಕಿದಳು. 3/8 ಬಂದಿದ್ದು ಆ ಮುಂದಿನ ಸಾಲಿನ ಹುಡುಗಿಗೇ. ಲ.ಸಾ.ಅ. ಅಂತ ಗೊಣಗಿದಳು. ಆಮೇಲೆ ಒಂದು ಕಾಗದದ ಪಟ್ಟಿ ತಗೊಂಡು ಮೂರು ಸಲ ಮಡಿಚಿದಳು. ಬಿಡಿಸಿದರೆ ಎಂಟು ಭಾಗ. ನಾಲ್ಕು ಭಾಗ ಅರ್ಧ. ಮೂರು ಅಂದರೆ ಅರ್ಧಕ್ಕಿಂತ ಒಂದು ಕಮ್ಮಿ. ಹಗ್ಗದ ಮಧ್ಯಕ್ಕೆ ಹೋಗಿ, ಕಿಟಕಿ ಕಡೆ ವಾಪಸ್ ಬಂದು, ಆ ಎರಡು ಕ್ಲಿಪ್‌ಗಳ ನಡುವೆ ಕೈ ತೂರಿಸಿ ಸಿಕ್ಕಿಸಿದಳು. ಸರಿಯಾದ ಜಾಗ! ಅದು 0.375 ಅಲ್ವಾ. ಭಿನ್ನರಾಶಿ, ದಶಮಾಂಶ, ಶೇಕಡಾ ಮೂರೂ ಒಂದೇ ಹಗ್ಗದ ಮೇಲೆ ಒಂದಕ್ಕೊಂದು ತಾಗಿಕೊಂಡು ನೇತಾಡುತ್ತಿದ್ದವು. ಪಠ್ಯದಲ್ಲಿ ಅವು ಬೇರೆ ಬೇರೆ ಪಾಠಗಳು, ಬೇರೆ ಬೇರೆ ತಿಂಗಳಲ್ಲಿ ಬರುತ್ತವೆ. ಮಕ್ಕಳು ಅವನ್ನು ಮೂರು ಬೇರೆ ಬೇರೆ ಊರು ಅಂತಲೇ ತಿಳಿದಿರುತ್ತಾರೆ.

ಶಿಕ್ಷಕ ಮಿತ್ರರಿಗೆ ಒಂದು ಮಾತು. ಸರ್ಕಾರಿ ಶಾಲೆಗಳಿಗೆ ಬಂದ ಗಣಿತ ಕಲಿಕಾ ಆಂದೋಲನ ಕಾರ್ಯಕ್ರಮದ ಕಿಟ್ ಪೆಟ್ಟಿಗೆಯಲ್ಲಿ ಭಿನ್ನರಾಶಿ ಪಟ್ಟಿಗಳಿವೆ. ದಯವಿಟ್ಟು ಬೀರುವಿನಿಂದ ಹೊರಗೆ ತೆಗೆಯಿರಿ. ಕಳೆದುಹೋದರೆ ರಟ್ಟಿನಲ್ಲಿ ಕತ್ತರಿಸಿಕೊಳ್ಳೋಣ.

ಶೇಕಡಾ ಅಂದರೆ ನೂರಕ್ಕೆ ಇಷ್ಟು. ಮಾತು ಸುಲಭ. ಯಾವ ನೂರು ಅನ್ನುವುದೇ ಕಷ್ಟ. ಬಟ್ಟೆ ಅಂಗಡಿಯಲ್ಲಿ ಶೇಕಡಾ 50 ರಿಯಾಯಿತಿ, ಅದರ ಮೇಲೆ ಇನ್ನೂ ಶೇಕಡಾ 20 ಅಂತ ಬೋರ್ಡ್ ಹಾಕಿರುತ್ತಾರೆ. ಎಪ್ಪತ್ತು ಅಂದುಕೊಂಡು ಒಳಗೆ ಹೋಗುತ್ತೇವೆ. 500 ರೂಪಾಯಿ ಅಂಗಿ ಮೊದಲು 250 ಆಗುತ್ತದೆ. ಇಪ್ಪತ್ತು ಕಡಿಯುವುದು ಆ 250ರ ಮೇಲೆ. 200 ಕೊಡಬೇಕು. ಸಿಕ್ಕಿದ್ದು ಶೇಕಡಾ 60. "ಯಾವುದರ ಮೇಲೆ?" ಅನ್ನುವ ಪ್ರಶ್ನೆಯನ್ನು ನಮ್ಮ ಏಳನೇ ತರಗತಿ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಹಾಕಿದ್ದೇನೆ.

ಮೊನ್ನೆ ಅದರ ಕೆಳಗೆ ಒಬ್ಬ ಹುಡುಗಿ ಇನ್ನೊಂದು ಪ್ರಶ್ನೆ ಸೇರಿಸಿದಳು. "ಎಷ್ಟು ದಿನಕ್ಕೆ?" ಅಂತ. ಯಾಕೆ ಅಂತ ಕೇಳಿದೆ. ಅವರಮ್ಮ ಊರಲ್ಲಿ ಒಬ್ಬರ ಹತ್ತಿರ 20,000 ಸಾಲ ತಗೊಂಡಿದ್ದಾರೆ, ಐದು ರೂಪಾಯಿ ಬಡ್ಡಿಗೆ. ಸಂಘದಲ್ಲಿ ಕೇಳಿದಾಗ ವರ್ಷಕ್ಕೆ ಶೇಕಡಾ 12 ಅಂದರಂತೆ. ಹನ್ನೆರಡು ಜಾಸ್ತಿ, ಐದು ಕಮ್ಮಿ ಅಂತ ಅಮ್ಮ ಇಲ್ಲೇ ತಗೊಂಡರಂತೆ. ಐದು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ಐದು, ಅದೂ ತಿಂಗಳಿಗೆ. ಇಲ್ಲಿ ನಮ್ಮ ಆಡುಮಾತು ಆ ತಿಂಗಳನ್ನು ನುಂಗಿಬಿಟ್ಟಿದೆ.

ಇಬ್ಬರೂ ಕೂತು ಲೆಕ್ಕ ಮಾಡಿದೆವು. ತಿಂಗಳಿಗೆ 1,000. ವರ್ಷಕ್ಕೆ 12,000. ಅಂದರೆ ಶೇಕಡಾ 60. ಇಪ್ಪತ್ತು ತಿಂಗಳಿಗೆ ಬಡ್ಡಿಯೇ 20,000.

"ಅಷ್ಟು ಕೊಟ್ಟ ಮೇಲೂ ಅಸಲು ಹಾಗೇ ಇರುತ್ತಾ ಮಿಸ್?"

ಹಾಗೇ ಇರುತ್ತೆ ಅಂದೆ. ಅವಳು ಆ ಹಾಳೆಯನ್ನು ಪುಸ್ತಕದಿಂದ ಹರಿದು, ನಾಲ್ಕಾಗಿ ಮಡಿಚಿ, ಜಾಮೆಟ್ರಿ ಬಾಕ್ಸ್‌ನಲ್ಲಿ ಇಟ್ಟುಕೊಂಡಳು. ಅಮ್ಮನಿಗೆ ತೋರಿಸಬೇಕಂತೆ.