ಜಮೀನು ತಕರಾರು: ತೀರ್ಮಾನ ತಹಶೀಲ್ದಾರರದೋ, ನ್ಯಾಯಾಧೀಶರದೋ?

ಖಾತೆ ಬದಲಾವಣೆಗೆ (ಮ್ಯುಟೇಶನ್) ಯಾರಾದರೂ ತಕರಾರು ಕೊಟ್ಟರೆ ಮೊದಲ ವಿಚಾರಣೆ ತಹಶೀಲ್ದಾರರ ಮುಂದೆ ನಡೆಯುತ್ತದೆ. ಅದರ ಮೇಲೆ ಎ.ಸಿ.ಗೆ (ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್) ಮೇಲ್ಮನವಿ, ಆಮೇಲೆ ಡಿ.ಸಿ. (ಜಿಲ್ಲಾಧಿಕಾರಿ) ಮುಂದೆ ರಿವಿಜನ್, ಅಂದರೆ ಆದೇಶದ ಮರುಪರಿಶೀಲನೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹಾಕಿಕೊಟ್ಟ ದಾರಿ ಇದು. ಹಳ್ಳಿಯಲ್ಲಿ ಆಡಳಿತ ನಡೆಸುವ ಅಧಿಕಾರಿಗಳೇ ತೀರ್ಪು ಕೊಡುವ ಈ ಪದ್ಧತಿ ಹೀಗೇ ಮುಂದುವರಿಯಬೇಕೇ?

ಪರ: ದಾಖಲೆ ಇರುವಲ್ಲೇ ತೀರ್ಮಾನವೂ ಆಗಲಿ

ಜಮೀನಿನ ಜಗಳ ಬದುವಿನ ಮೇಲೆ ಹುಟ್ಟುತ್ತದೆ. ಪಕ್ಕದ ಹೊಲದವರು ಎರಡು ಸಾಲು ಒತ್ತಿ ಉಳುತ್ತಾರೆ. ನಕಾಶೆಯಲ್ಲಿರುವ ಬಂಡಿದಾರಿಗೆ ಯಾರೋ ಬೇಲಿ ಹಾಕುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಕೊಟ್ಟರೆ ಒಡಹುಟ್ಟಿದವರೇ ತಕರಾರು ಹಾಕುತ್ತಾರೆ. ಇವನ್ನು ಬಗೆಹರಿಸಲು ಬೇಕಾದ ಕಾಗದವೆಲ್ಲ ತಾಲ್ಲೂಕಿನಲ್ಲೇ ಇದೆ. ಪಹಣಿ, ಮ್ಯುಟೇಶನ್ ರಿಜಿಸ್ಟರ್, ಸರ್ವೆ ಟಿಪ್ಪಣಿ, ಆಕಾರಬಂದ್, ಎಲ್ಲವೂ. ಗ್ರಾಮ ಆಡಳಿತ ಅಧಿಕಾರಿ, ರೆವಿನ್ಯೂ ಇನ್ಸ್‌ಪೆಕ್ಟರ್ ತಹಶೀಲ್ದಾರರ ಕೈಕೆಳಗೇ ಇದ್ದಾರೆ. ಅನುಮಾನ ಬಂದರೆ ತಹಶೀಲ್ದಾರರೇ ಜೀಪ್ ಹತ್ತಿ ಹೊಲಕ್ಕೆ ಹೋಗಿ ನೋಡಬಹುದು.

ಸಿವಿಲ್ ನ್ಯಾಯಾಧೀಶರ ಮುಂದೆ ಇದೇ ಜಗಳ ಹೋದರೆ ಏನಾಗುತ್ತದೆ? ಅಳತೆ ಬೇಕಾದಾಗ ಅವರು ಕೋರ್ಟ್ ಕಮಿಷನರ್ ನೇಮಿಸಬೇಕು. ಆ ಕಮಿಷನರ್ ಆಗಿ ಬರುವವರು ಬಹುಪಾಲು ಸರ್ಕಾರಿ ಸರ್ವೇಯರೇ. ಅವರ ವರದಿಗೆ ಒಬ್ಬರ ಆಕ್ಷೇಪಣೆ, ಅದಕ್ಕೆ ಇನ್ನೊಬ್ಬರ ಉತ್ತರ. ಅಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತದೆ. ತೀರ್ಪು ಬಂದ ಮೇಲೂ ಮೊದಲ ಮೇಲ್ಮನವಿ ಇದೆ, ಹೈಕೋರ್ಟಿನ ಎರಡನೇ ಮೇಲ್ಮನವಿ ಇದೆ. ಹೈಕೋರ್ಟು ಅಂದರೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ. ಎರಡು ಎಕರೆಯವರು ಎರಡು ಎಕರೆಗೋಸ್ಕರ ಅಷ್ಟು ದೂರ ಹೋಗುವುದಕ್ಕೆ ಆಗುತ್ತದಾ?

ಈ ಚರ್ಚೆ ಹೊಸದೇನೂ ಅಲ್ಲ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಕಲೆಕ್ಟರರ ಕೈಯಿಂದ ನ್ಯಾಯದ ಕೆಲಸ ತೆಗೆದು ಜಡ್ಜ್‌ಗಳಿಗೆ ಕೊಟ್ಟ. ನಮ್ಮ ಕಡೆ ಬೇರೆ ಅನುಭವ ಆಯಿತು. 1799ರಲ್ಲಿ ಕರಾವಳಿಯ ಕೆನರಾಕ್ಕೆ, ಆಮೇಲೆ ಬಳ್ಳಾರಿ ಸೇರಿದ ಸೀಮೆಗೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಹಳ್ಳಿ ಹಳ್ಳಿ ಸುತ್ತಿದ. ರೈತರ ಜೊತೆ ಕೂತು ಕಂದಾಯ ನಿಗದಿ ಮಾಡಿದ. ಹಳ್ಳಿಯ ವಿಷಯ ಗೊತ್ತಿರುವವರ ಕೈಯಲ್ಲಿ ಅಧಿಕಾರ ಇರಬೇಕು ಅನ್ನುವುದು ಅವನ ಗಟ್ಟಿ ನಿಲುವು. ಅವನ ಒತ್ತಾಯದಿಂದಲೇ 1816ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಮ್ಯಾಜಿಸ್ಟ್ರೇಟ್ ಅಧಿಕಾರ ಕಲೆಕ್ಟರರಿಗೆ ಬಂತು. ಈಸ್ಟ್ ಇಂಡಿಯಾ ಕಂಪನಿಯ ಲಾಭದ ಲೆಕ್ಕ ಅದರಲ್ಲಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಹೊಲ ನೋಡದವರು ಹೊಲದ ಜಗಳ ತೀರಿಸಲಾರರು ಎಂಬುದು ಇಂದಿಗೂ ನಿಜ.

ಇದಕ್ಕಿಂತ ದೊಡ್ಡ ಸಾಕ್ಷಿ ದೇವರಾಜ ಅರಸು ಕಾಲದ ಭೂ ನ್ಯಾಯಮಂಡಳಿಗಳು. ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಗೇಣಿದಾರರ ಅರ್ಜಿಗಳನ್ನು ಸಿವಿಲ್ ಕೋರ್ಟಿಗೆ ಬಿಡಲಿಲ್ಲ. ಎ.ಸಿ. ಅಧ್ಯಕ್ಷರಾದರು, ನಾಲ್ವರು ನಾಮಕರಣಗೊಂಡ ಸದಸ್ಯರು ಜೊತೆಗಿದ್ದರು. ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಆಗಿರಬೇಕಿತ್ತು. ಶುರುವಿನಲ್ಲಿ ವಕೀಲರಿಗೆ ಅವಕಾಶವೇ ಇರಲಿಲ್ಲ. ಗೇಣಿ ಚೀಟಿ ಇಲ್ಲದವರು, ಓದು ಬರಹ ಬಾರದವರು, ಒಡೆಯರ ಎದುರು ಯಾವತ್ತೂ ಬಾಯಿ ತೆರೆಯದವರು ಬಂದು ಹೇಳಿಕೆ ಕೊಟ್ಟರು. ಅಕ್ಕಪಕ್ಕದವರು ಸಾಕ್ಷಿ ಹೇಳಿದರು. ಕರಾವಳಿ, ಉತ್ತರ ಕನ್ನಡ, ಮಲೆನಾಡಿನಲ್ಲಿ ಸಾವಿರಾರು ಮನೆಗಳ ಹಣೆಬರಹ ಬದಲಾಯಿತು. ಅದೇ ಅರ್ಜಿಗಳು ಮುನ್ಸಿಫ್ ಕೋರ್ಟಿಗೆ ಹೋಗಿದ್ದರೆ ಮೊದಲ ಪ್ರಶ್ನೆ 'ದಾಖಲೆ ಎಲ್ಲಿ?' ಎಂದೇ ಇರುತ್ತಿತ್ತು. ದಾಖಲೆ ಯಾರ ಹತ್ತಿರ ಇತ್ತು ಎಂಬುದು ಎಲ್ಲರಿಗೂ ಗೊತ್ತು.

ಇವತ್ತಿಗೂ ದುರ್ಬಲರ ಪರವಾದ ಕಾಯ್ದೆಗಳು ಎ.ಸಿ. ಬಾಗಿಲಿಗೇ ಬರುತ್ತಿವೆ. ದಲಿತರಿಗೆ ಮಂಜೂರಾದ ಜಮೀನು ಬೇರೆಯವರ ಪಾಲಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಅದನ್ನು ಮರಳಿಸುವ ಅಧಿಕಾರ ಎ.ಸಿ.ಗಿದೆ. ಆಸ್ತಿ ಬರೆಸಿಕೊಂಡು ತಂದೆ ತಾಯಿಯನ್ನು ಹೊರಗೆ ಹಾಕಿದ ಮಕ್ಕಳ ಮೇಲೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅಲ್ಲೇ ಅರ್ಜಿ ಕೊಡಬಹುದು. ಜೀವನಾಂಶದ ಅರ್ಜಿ ನೋಟಿಸು ಜಾರಿಯಾದ 90 ದಿನಗಳಲ್ಲಿ ಮುಗಿಯಬೇಕು ಎನ್ನುತ್ತದೆ ಕಾಯ್ದೆ. ಎಪ್ಪತ್ತೈದು ವರ್ಷದ ಅಜ್ಜಿಗೆ ಇದಕ್ಕಿಂತ ಸುಲಭದ ಬಾಗಿಲು ಎಲ್ಲಿದೆ?

ದೂರದಲ್ಲಿ ವಿಶೇಷ ಕೋರ್ಟು ಕಟ್ಟಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2011ರ ಭೂಕಬಳಿಕೆ ನಿಷೇಧ ಕಾಯ್ದೆಯಡಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಆಯಿತು. ಗೋಮಾಳದಲ್ಲಿ ಒಂದಿಷ್ಟು ಬಗರ್ ಹುಕುಂ (ಮಂಜೂರಾತಿ ಇಲ್ಲದ) ಸಾಗುವಳಿ ಮಾಡಿದ ರೈತರು ಕೂಡ ಅಲ್ಲಿಗೆ ಬಸ್ ಹತ್ತಬೇಕಾಯಿತು. ಕೊನೆಗೆ ಸರ್ಕಾರವೇ ತಿದ್ದುಪಡಿ ತಂದು ಹಳ್ಳಿಯ ರೈತರನ್ನು ಅದರಿಂದ ಬಿಡಿಸಬೇಕಾಯಿತು.

ಎ.ಸಿ. ಕೋರ್ಟುಗಳಲ್ಲಿ ಕೇಸು ಕೊಳೆಯುತ್ತಿವೆ ಎಂಬ ದೂರು ಸರಿಯೇ. ಅದಕ್ಕೆ ಮದ್ದು ಇದೆ. ವಾರದಲ್ಲಿ ಇಂತಿಷ್ಟು ದಿನ ಕೋರ್ಟೇ ನಡೆಯಬೇಕು, ಆ ದಿನ ಬೇರೆ ಸಭೆ ಕರೆಯಬಾರದು. ಕೇಸು ಜಾಸ್ತಿ ಇರುವ ಉಪವಿಭಾಗಕ್ಕೆ ಇನ್ನೊಬ್ಬ ಎ.ಸಿ. ಕೊಡಬೇಕು. ಆದೇಶ ಆದ ದಿನವೇ ಆನ್‌ಲೈನ್‌ನಲ್ಲಿ ಸಿಗಬೇಕು. ಇಷ್ಟು ಮಾಡಿ ನೋಡದೆ ಇಡೀ ಪದ್ಧತಿಯನ್ನೇ ಕಿತ್ತರೆ ಕಷ್ಟ ಪಡುವವರು ರೈತರೇ.

ವಿರೋಧ: ಆಡಳಿತ ಮಾಡುವವರು ತೀರ್ಪು ಕೊಡಬಾರದು

ಹತ್ತಿರ ಎಂಬ ಮಾತಿನಿಂದಲೇ ಶುರು ಮಾಡೋಣ. ಸಾಗರದ ಎ.ಸಿ. ವ್ಯಾಪ್ತಿಗೆ ಹೊಸನಗರ, ಸೊರಬ, ಶಿಕಾರಿಪುರವೂ ಸೇರುತ್ತವೆ. ಶಿರಸಿಯ ಎ.ಸಿ. ವ್ಯಾಪ್ತಿಗೆ ಸಿದ್ದಾಪುರ, ಯಲ್ಲಾಪುರ, ಮುಂಡಗೋಡ ಬರುತ್ತವೆ. ಮುಂಡಗೋಡದಲ್ಲೇ ಸಿವಿಲ್ ನ್ಯಾಯಾಧೀಶರ ಕೋರ್ಟು ಇದೆ. ಹೊಸನಗರದಲ್ಲೂ ಇದೆ. ಎ.ಸಿ. ಕೋರ್ಟಿನ ಮೇಲ್ಮನವಿಗೆ ಮಾತ್ರ ಅಲ್ಲಿಯ ರೈತರು ಪಕ್ಕದ ತಾಲ್ಲೂಕಿಗೆ ಹೋಗಬೇಕು. ಹೋದರೆ ವಿಚಾರಣೆ ನಡೆಯುತ್ತದಾ? ಸಾಹೇಬರು ಮಂತ್ರಿಗಳ ಪ್ರವಾಸದಲ್ಲಿದ್ದಾರೆ. ಇಲ್ಲವೇ ನೆರೆ ಪರಿಹಾರದ ಸಭೆ. ಚುನಾವಣೆ ಬಂತೆಂದರೆ ತಿಂಗಳುಗಟ್ಟಲೆ ಕೋರ್ಟೇ ಇಲ್ಲ, ಯಾಕೆಂದರೆ ಚುನಾವಣಾಧಿಕಾರಿಯೂ ಅವರೇ. ಕೇಸ್ ವರ್ಕರ್ ಹೊಸ ತಾರೀಖು ಬರೆದುಕೊಡುತ್ತಾರೆ. ಅಂದಿನ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ವಕೀಲರ ಫೀಜು ಹೋಯಿತು. ಹೌದು, ಎ.ಸಿ. ಕೋರ್ಟಿಗೂ ಬಹಳ ಜನ ವಕೀಲರನ್ನು ಇಟ್ಟುಕೊಂಡೇ ಹೋಗುತ್ತಾರೆ.

ಎ.ಸಿ.ಗಳನ್ನು ನಾನು ದೂರುತ್ತಿಲ್ಲ. ಕಾನೂನು ಸುವ್ಯವಸ್ಥೆ, ಭೂಸ್ವಾಧೀನ, ಚುನಾವಣೆ, ಬರ, ನೆರೆ ಎಲ್ಲವನ್ನೂ ಒಬ್ಬರ ತಲೆ ಮೇಲೆ ಹೇರಿದ್ದೇವೆ. ಅದರ ನಡುವೆ ಸಿಕ್ಕಿದ ಸಮಯದಲ್ಲಿ ತೀರ್ಪು ಬರೆಯಿರಿ ಎನ್ನುತ್ತಿದ್ದೇವೆ. ಕೇಸು ಅರ್ಥವಾಗುವಷ್ಟರಲ್ಲಿ ವರ್ಗಾವಣೆ ಬರುತ್ತದೆ. ಹೊಸಬರು ಬಂದರೆ ವಾದ ಮತ್ತೆ ಮೊದಲಿನಿಂದ. ಇನ್ನೊಬ್ಬ ಎ.ಸಿ.ಯನ್ನು ಕೊಟ್ಟರೂ ಅವರನ್ನು ನಾಳೆ ಇನ್ನೊಂದು ಕೆಲಸಕ್ಕೆ ಹಾಕಲು ಸರ್ಕಾರಕ್ಕೆ ಒಂದು ಆದೇಶ ಸಾಕು.

ತೀರ್ಮಾನಿಸಬೇಕಾದ ಪ್ರಶ್ನೆಗಳಾದರೂ ಎಂಥವು? ಒಂದು ಪೌತಿ ಖಾತೆ ಕೇಸು ತೆಗೆದುಕೊಳ್ಳಿ. ಅಣ್ಣ ತಮ್ಮಂದಿರು ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಟ್ಟು ಅರ್ಜಿ ಕೊಡುತ್ತಾರೆ. ಅಕ್ಕ ತಕರಾರು ಹಾಕುತ್ತಾಳೆ. ಅಪ್ಪ ಬರೆದದ್ದು ಎಂದು ತಮ್ಮ ಒಂದು ವಿಲ್ ತಂದು ಇಡುತ್ತಾನೆ. ಈಗ ಆ ವಿಲ್ ನಿಜವೇ, ಆಸ್ತಿ ಪಿತ್ರಾರ್ಜಿತವೇ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮಗಳ ಪಾಲು ಎಷ್ಟು ಎಂದೆಲ್ಲ ನೋಡಬೇಕು. ವಿಲ್ ನಿಜವೇ ಎಂದು ನಿರ್ಧರಿಸುವ ಅಧಿಕಾರ ತಹಶೀಲ್ದಾರರಿಗೆ ಇಲ್ಲ. ಮ್ಯುಟೇಶನ್ ಆದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ವಿಲ್ ಆಧಾರದ ಹಕ್ಕನ್ನು ಸಿವಿಲ್ ಕೋರ್ಟಿನಲ್ಲೇ ಸಾಬೀತು ಮಾಡಬೇಕು ಎಂದು 2021ರಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅಂದರೆ ತಹಶೀಲ್ದಾರ್, ಎ.ಸಿ., ಡಿ.ಸಿ. ಮೂವರ ಮುಂದೆ ವರ್ಷಗಟ್ಟಲೆ ನಡೆದ ಮೇಲೂ ಅಕ್ಕ ಕೊನೆಗೆ ಸಿವಿಲ್ ಕೋರ್ಟಿಗೇ ಹೋಗಬೇಕು. ಸಿವಿಲ್ ಕೋರ್ಟು ನಿಧಾನ ಎನ್ನುವವರು ಈ ಎರಡು ಸಲದ ಅಲೆದಾಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಷ್ಟರೊಳಗೆ ಆಗುವ ನಷ್ಟ ಸಣ್ಣದಲ್ಲ. ಪಹಣಿಯಲ್ಲಿ ಇರುವುದು ಸುಳ್ಳೆಂದು ತೋರಿಸುವವರೆಗೂ ಅದೇ ನಿಜ ಎಂದು ಭೂಕಂದಾಯ ಕಾಯ್ದೆಯ 133ನೇ ಕಲಮು ಹೇಳುತ್ತದೆ. ಬ್ಯಾಂಕು ಸಾಲ ಕೊಡುವಾಗ, ಬೆಳೆ ಪರಿಹಾರ ಬರುವಾಗ, ಜಮೀನು ಮಾರುವಾಗ ಎಲ್ಲರೂ ಕೇಳುವುದು ಪಹಣಿಯನ್ನೇ. ಖಾತೆ ತಮ್ಮನ ಹೆಸರಿಗೆ ಕೂತರೆ ಅವನು ಮಾರಿಬಿಡಬಹುದು. ಆಮೇಲೆ ಅಕ್ಕ ಕೊಂಡವರ ಮೇಲೂ ದಾವೆ ಹೂಡಬೇಕು. ನನಗೆ ಈ ಪದ್ಧತಿಯ ಮೇಲೆ ತೀರಾ ಸಿಟ್ಟು ಬರುವುದು ಇಲ್ಲಿ. ಸಂಕ್ಷಿಪ್ತ ವಿಚಾರಣೆಯ ಒಂದು ಪುಟದ ಆದೇಶ ಒಬ್ಬ ಹೆಣ್ಣುಮಗಳ ಪಾಲನ್ನು ಹತ್ತು ವರ್ಷ ಹಿಂದಕ್ಕೆ ತಳ್ಳುತ್ತದೆ. ಬಹಳ ಜನ ಹೆಣ್ಣುಮಕ್ಕಳು ತವರಿನ ಜೊತೆ ಯಾಕೆ ಜಗಳ ಎಂದು ಸುಮ್ನೆ ಆಗಿಬಿಡುತ್ತಾರೆ.

ಸರ್ಕಾರವೇ ಎದುರುಗಾರನಾದಾಗ ಇನ್ನೂ ಕಷ್ಟ. ಜಮೀನು ಸರ್ಕಾರದ್ದೋ ರೈತರದ್ದೋ ಎಂಬ ತಕರಾರಿನ ವಿಚಾರಣೆ 67ನೇ ಕಲಮಿನಡಿ ಡಿ.ಸಿ. ಕಡೆಯೇ ನಡೆಯುತ್ತದೆ. ಒತ್ತುವರಿ ಎಂದು ನೋಟಿಸು ಕೊಡುವುದು ಕಂದಾಯ ಇಲಾಖೆ. ವರದಿ ಬರೆಯುವವರು ಅದೇ ಇಲಾಖೆಯ ನೌಕರರು. ತೀರ್ಪು ಕೊಡುವುದೂ ಅದೇ ಇಲಾಖೆ. ಆ ಅಧಿಕಾರಿ ಎಷ್ಟೇ ಪ್ರಾಮಾಣಿಕರಾಗಿರಲಿ, ತನ್ನ ಕೇಸಿಗೆ ತಾನೇ ನ್ಯಾಯಾಧೀಶನಾಗುವುದು ಸರಿಯಲ್ಲ. ಶಾಸಕರ ಮಾತಿನ ಮೇಲೆ ತಹಶೀಲ್ದಾರರ ವರ್ಗಾವಣೆ ನಡೆಯುವುದು ಹಳ್ಳಿಯವರಿಗೆಲ್ಲ ಗೊತ್ತಿರುವ ಸಂಗತಿ. ಶಾಸಕರ ಕಡೆಯವರ ವಿರುದ್ಧ ಧೈರ್ಯವಾಗಿ ಆದೇಶ ಬರೆಯಿರಿ ಎಂದು ಆ ಅಧಿಕಾರಿಯನ್ನು ಕೇಳುವುದು ಅವರಿಗೂ ಅನ್ಯಾಯ. ಸಿವಿಲ್ ನ್ಯಾಯಾಧೀಶರ ವರ್ಗಾವಣೆ ಹೈಕೋರ್ಟಿನ ಕೈಯಲ್ಲಿದೆ. ಈ ಒಂದು ವ್ಯತ್ಯಾಸವೇ ಬಹಳ ದೊಡ್ಡದು.

ಮನ್ರೋ ವಿಷಯಕ್ಕೆ ಬಂದರೆ, ಅವನ ಕಾಲದಲ್ಲಿ ಪ್ರಜೆಗಳಿಗೆ ಸಂವಿಧಾನ ಇರಲಿಲ್ಲ. ನಮಗೆ ಇದೆ. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಮಾಡಬೇಕು ಎಂದು ಅದರ 50ನೇ ವಿಧಿ ಹೇಳುತ್ತದೆ. 1974ರಲ್ಲಿ ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಯಾದಾಗ ಕ್ರಿಮಿನಲ್ ಕೇಸುಗಳ ವಿಚಾರಣೆ ನ್ಯಾಯಾಂಗದ ಮ್ಯಾಜಿಸ್ಟ್ರೇಟರ ಕೈಗೆ ಹೋಯಿತು. ತಹಶೀಲ್ದಾರ್, ಎ.ಸಿ.ಗಳಿಗೆ ಶಾಂತಿ ಕಾಪಾಡುವಂಥ ಕೆಲಸಗಳು ಉಳಿದವು. ಅದರಿಂದ ಹಳ್ಳಿಯಲ್ಲಿ ನ್ಯಾಯ ನಿಂತುಹೋಯಿತಾ? ಇಲ್ಲ. ಕಳ್ಳತನದ ಕೇಸಿಗೆ ಕಾನೂನು ಓದಿದ ನ್ಯಾಯಾಧೀಶರು ಬೇಕು, ಬದುಕಿಗೆ ಆಧಾರವಾದ ಹೊಲದ ಕೇಸಿಗೆ ಬೇಡ ಎಂದರೆ ಹೇಗೆ?

ಭೂ ನ್ಯಾಯಮಂಡಳಿಗಳ ಬಗ್ಗೆ ನನಗೂ ಗೌರವ ಇದೆ. ಆದರೆ ಅವು ಒಂದು ಕಾಲದ, ಒಂದು ಗುರಿಯ ಸಂಸ್ಥೆಗಳು. ಅವುಗಳ ಹಿಂದೆ ಗಟ್ಟಿಯಾದ ರಾಜಕೀಯ ಇಚ್ಛೆ ಇತ್ತು. ಅಲ್ಲೂ ಅವಸರದ ಆದೇಶಗಳನ್ನು ಹೈಕೋರ್ಟು ಮತ್ತೆ ಮತ್ತೆ ವಾಪಸ್ ಕಳಿಸಿತು, ಕೆಲವು ಮನೆಗಳಲ್ಲಿ ಅರ್ಜಿ ಹಾಕಿದವರ ಮಕ್ಕಳೂ ಅಲೆದರು. ವಕೀಲರನ್ನು ಹೊರಗಿಟ್ಟ ನಿಯಮವನ್ನು 1987ರಲ್ಲಿ ಸುಪ್ರೀಂ ಕೋರ್ಟೇ ತೆಗೆದುಹಾಕಿತು.

ಪಿ.ಟಿ.ಸಿ.ಎಲ್. ಕೇಸುಗಳನ್ನು ನೋಡಿದರೂ ಅಷ್ಟೆ. ಸಮಂಜಸ ಕಾಲದೊಳಗೆ ಅರ್ಜಿ ಹಾಕಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪ್ರಕರಣದಲ್ಲೇ ಹೇಳಿತು. 2023ರಲ್ಲಿ ರಾಜ್ಯ ಸರ್ಕಾರ ಕಾಲಮಿತಿಯೇ ಇಲ್ಲ ಎಂದು ತಿದ್ದುಪಡಿ ತಂದಿತು. ದಲಿತರ ಜಮೀನು ದಲಿತರಿಗೇ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿಯೇ ಆದೇಶ ಹೈಕೋರ್ಟಿನಲ್ಲೂ ನಿಲ್ಲುವಂತಿರಬೇಕು. ತೀರ್ಪು ಮತ್ತು ತಿದ್ದುಪಡಿಯನ್ನು ಜೋಡಿಸಿ ಓದಿ, ಕಾರಣ ಕೊಟ್ಟು ಬರೆಯುವವರು ಬೇಕು. ಕಾರಣವಿಲ್ಲದ ಆದೇಶಕ್ಕೆ ಎದುರಿನವರು ಸ್ಟೇ ತರುತ್ತಾರೆ, ಜಮೀನು ಅವರ ಕೈಯಲ್ಲೇ ಉಳಿಯುತ್ತದೆ.

ಎಲ್ಲವನ್ನೂ ತಾಲ್ಲೂಕು ಕಚೇರಿಯಿಂದ ಕಿತ್ತುಕೊಳ್ಳಿ ಎಂದು ಹೇಳುತ್ತಿಲ್ಲ. ಅಳತೆ, ಪೋಡಿ (ಸರ್ವೆ ನಂಬರ್ ಭಾಗ ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು), ಯಾರ ತಕರಾರೂ ಇಲ್ಲದ ಖಾತೆ ಬದಲಾವಣೆ, ಬಂಡಿದಾರಿ ಬಿಡಿಸುವುದು ಅಲ್ಲೇ ಇರಲಿ. ಅದು ಅವರ ಕೆಲಸ, ಅದನ್ನು ಚೆನ್ನಾಗಿ ಮಾಡಬಲ್ಲರು. ತಕರಾರು ಬಂದ ಕ್ಷಣ ಕಡತ ನ್ಯಾಯಾಂಗಕ್ಕೆ ಹೋಗಬೇಕು. ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲೇ ಜಮೀನಿನ ಕೇಸಿಗೆಂದು ಪ್ರತ್ಯೇಕ ನ್ಯಾಯಾಧೀಶರು ಕೂರಬೇಕು. ಅವರಿಗೆ ಒಬ್ಬ ಸರ್ವೇಯರನ್ನು ಪೂರ್ತಿ ಬಿಟ್ಟುಕೊಡಬೇಕು. ಪಹಣಿ ಹೇಗೂ 2000ದ ಸುಮಾರಿಗೆ ಬಂದ ಭೂಮಿ ಯೋಜನೆಯಿಂದ ಕಂಪ್ಯೂಟರಿನಲ್ಲಿದೆ, ನ್ಯಾಯಾಧೀಶರು ಕೂತಲ್ಲೇ ತೆರೆದು ನೋಡಬಹುದು. ತಕರಾರು ಮುಗಿಯುವವರೆಗೆ ಜಮೀನು ಮಾರದಂತೆ ಪಹಣಿಯಲ್ಲೇ ನಮೂದು ಬೀಳಬೇಕು. ಮತ್ತು ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಕೊಟ್ಟ ಅರ್ಜಿಯನ್ನು ಮೊದಲ ದಿನವೇ ತಿರಸ್ಕರಿಸಬೇಕು.