ಇವತ್ತು ಸಮನಾ, ಬೆಸನಾ?

ಸಮ ಬೆಸ ಪಾರ್ಕಿಂಗಿನ ಬೋರ್ಡನ್ನು ನೀವೂ ನೋಡಿರುತ್ತೀರಿ. ಈಗ ನಮ್ಮ ಅಡ್ಡರಸ್ತೆಗೂ ಬಂದಿದೆ. ಕಡಲೆಕಾಯಿ ಪರಿಷೆಯ ಸಿಪ್ಪೆ ಇನ್ನೂ ಬಸವನಗುಡಿಯ ಚರಂಡಿ ಬಿಟ್ಟಿರಲಿಲ್ಲ, ಅಷ್ಟರಲ್ಲಿ ಹೊಂಗೆ ಮರದ ಪಕ್ಕ ಕಂಬ ನೆಟ್ಟರು. ಸಮ ದಿನ ಈ ಕಡೆ ಪಾರ್ಕಿಂಗ್, ಬೆಸ ದಿನ ಆ ಕಡೆ. ಪ್ರಾಯೋಗಿಕವಾಗಿ ಡಿಸೆಂಬರ್ ಮತ್ತು ಜನವರಿ, ಎರಡೇ ತಿಂಗಳು. ಚಳಿಗಾಲದಲ್ಲೇ ಯಾಕಪ್ಪಾ ಅಂತ ಕಂಬ ನೆಡುತ್ತಿದ್ದವರನ್ನು ಕೇಳಿದೆ. "ಗುಂಡಿ ತೋಡಿ ಅಂದ್ರು, ತೋಡಿದ್ವಿ ಸಾರ್" ಅಂದರು. ಈ ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ನೇರ ಉತ್ತರ ಅದೊಂದೇ.

ನಮ್ಮದು 20 ಅಡಿ ರಸ್ತೆ. ಎರಡೂ ಕಡೆ ಕಾರು ನಿಂತರೆ ನಡುವೆ ಉಳಿಯುವುದು ಎಂಟು ಅಡಿ. ಅದರಲ್ಲಿ ಚರಂಡಿಯ ಚಪ್ಪಡಿಗೆ ಒಂದಿಷ್ಟು, ತುಳಸಿ ಕುಂಡಕ್ಕೆ ಒಂದಿಷ್ಟು, ಇಸ್ತ್ರಿ ಗಾಡಿಗೆ ಒಂದಿಷ್ಟು. ಮಿಕ್ಕಿದ್ದು ಸಾರ್ವಜನಿಕರಿಗೆ. ಹಾಗಾಗಿ ಒಂದು ಕಡೆ ಖಾಲಿ ಬಿಡಿ ಅನ್ನುವುದು ತಪ್ಪೇನಲ್ಲ. ನಾನಂತೂ ಮೊದಲ ದಿನ ಬೋರ್ಡಿಗೆ ಕೈ ಮುಗಿದೆ.

ರಾತ್ರಿ 12 ಹೊಡೆದರೆ ತಾರೀಕು ಬದಲಾಗುತ್ತದೆ, ಆದ್ದರಿಂದ ಕಾರೂ ಬದಲಾಗಬೇಕು. ಮೊದಲ ವಾರ ನಾವೆಲ್ಲ ಬಲು ಶಿಸ್ತಿನವರು. 11:50ಕ್ಕೆ ಮಂಕಿ ಕ್ಯಾಪ್, ಶಾಲು, ಹವಾಯಿ ಚಪ್ಪಲಿ, ಕೈಯಲ್ಲಿ ಕೀ. ಹದಿನಾಲ್ಕು ಕಾರು ಒಟ್ಟಿಗೇ ರಿವರ್ಸ್ ಹೊಡೆದವು. ಸಿಲ್ಕ್ ಬೋರ್ಡಿನಲ್ಲಿ ಸಂಜೆ ಆಗುವ ಜಾಮು ನಮ್ಮ ಅಡ್ಡರಸ್ತೆಯಲ್ಲಿ ನಡುರಾತ್ರಿ ಆಯಿತು. ನಮ್ಮಜ್ಜಿ ಅಳಗುಳಿಮಣೆ ಆಡುತ್ತಿದ್ದುದು ನೆನಪಾಯಿತು. ಈ ಸಾಲಿನ ಹುಣಸೆ ಬೀಜ ಎತ್ತಿ ಆ ಸಾಲಿಗೆ ಹಂಚುತ್ತಾ ಹೋಗುವುದು, ಖಾಲಿ ಗುಳಿ ಸಿಕ್ಕಿದರೆ ಅದರ ಪಕ್ಕದ್ದನ್ನು ಪೂರ್ತಿ ಬಾಚಿಕೊಳ್ಳುವುದು. ಅಜ್ಜಿ ಮೋಸ ಮಾಡುತ್ತಿದ್ದಳು. ಇಲ್ಲೂ ಅಷ್ಟೇ, ಕಾರು ಎತ್ತಿದ ಮರುಕ್ಷಣ ಆ ಜಾಗಕ್ಕೆ ಯಾರೋ ಖಾಲಿ ನೀರಿನ ಕ್ಯಾನ್ ತಂದಿಡುತ್ತಾರೆ.

ಮೊದಲು ಎರಡೂ ಕಡೆ ಸೇರಿ 28 ಕಾರು ಇದ್ದವಲ್ಲ, ಉಳಿದ ಹದಿನಾಲ್ಕು ಎಲ್ಲಿ ಹೋದವು ಅಂತೀರಾ? ಪಕ್ಕದ ರಸ್ತೆಗೆ. ಅಲ್ಲಿ ಬೋರ್ಡಿಲ್ಲ. ಅವರೂ ಈಗ ಒಂದು ಬೋರ್ಡು ಕೊಡಿಸಿ ಅಂತ ಅರ್ಜಿ ಬರೆಯುತ್ತಿದ್ದಾರೆ.

ಎದುರುಮನೆ ಮೇಷ್ಟ್ರು ರಿಟೈರಾದ ಗಣಿತದವರು. ಬೋರ್ಡು ಬಂದ ಮೇಲೆ ಅವರ ವಯಸ್ಸು ಹತ್ತು ವರ್ಷ ಕಮ್ಮಿಯಾಗಿದೆ. ಡಿಸೆಂಬರ್ 31 ಬೆಸ, ಜನವರಿ 1 ಕೂಡ ಬೆಸ ಅಂತ ಕಂಡುಹಿಡಿದವರು ಅವರೇ. ಅಂದರೆ ಹೊಸ ವರ್ಷದ ರಾತ್ರಿ ಯಾರೂ ಕೆಳಗೆ ಇಳಿಯಬೇಕಿಲ್ಲ! ಗುಂಡು ಹಾಕಿದವರು ಹಾಗೇ ಮಲಗಬಹುದು. ಈ ಸುದ್ದಿ ರಸ್ತೆಯಲ್ಲಿ ಬೋನಸ್ಸಿನ ಸುದ್ದಿಯ ಹಾಗೆ ಹಬ್ಬಿತು. ಮೂರನೇ ಮನೆ ಭಟ್ಟರದು ಬೇರೆಯದೇ ವಾದ. ನಮ್ಮ ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ, ನಡುರಾತ್ರಿಗಲ್ಲ. ಹಾಗಾಗಿ ಅವರ ಕಾರು ಬೆಳಿಗ್ಗೆ ಹುಗ್ಗಿ ನೈವೇದ್ಯ ಆದ ಮೇಲೆ ಜಾಗ ಬದಲಿಸುತ್ತದೆ. "ಹಾಗಾದ್ರೆ ತಿಥಿ ಪ್ರಕಾರ ಸಮ ಬೆಸ ನೋಡೋಣ ಬಿಡಿ ಭಟ್ರೇ" ಅಂದರು ಮೇಷ್ಟ್ರು. "ತಿಥಿ ಯಾರದ್ದು ಮೇಷ್ಟ್ರೇ?" ಅಂದರು ಭಟ್ಟರು.

ಮೇಷ್ಟ್ರ ಮಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಅಪ್ಪ ಹೇಳಿದ್ದು ಕೇಳಿ ಅವನಿಗೆ ಆಶ್ಚರ್ಯವೇ ಆಗಲಿಲ್ಲವಂತೆ. ಅಲ್ಲಿ ಭಾರೀ ಹಿಮ ಬಿದ್ದರೆ ಸ್ನೋ ಎಮರ್ಜೆನ್ಸಿ ಅಂತ ಸಾರುತ್ತಾರೆ. ಮೊದಲ ರಾತ್ರಿ 9ರಿಂದ ಮುಖ್ಯ ರಸ್ತೆಗಳಲ್ಲಿ ಕಾರು ನಿಲ್ಲಿಸುವ ಹಾಗಿಲ್ಲ. ಮಾರನೇ ದಿನ ಒಳರಸ್ತೆಗಳ ಸಮ ಸಂಖ್ಯೆಯ ಕಡೆ, ಅದರ ಮಾರನೇ ದಿನ ಬೆಸ ಸಂಖ್ಯೆಯ ಕಡೆ. ಹಿಮ ಬಾಚುವ ಗಾಡಿ ಬರಬೇಕಲ್ಲ. ಹಿಮದ ಗುಡ್ಡೆ ಬೆಳೆದು ರಸ್ತೆ ತೀರಾ ಇಕ್ಕಟ್ಟಾದ ವರ್ಷ, ಸಮ ಸಂಖ್ಯೆಯ ಕಡೆ ಏಪ್ರಿಲ್ 1ರವರೆಗೆ ನಿಲ್ಲಿಸಬೇಡಿ ಅಂದುಬಿಡುತ್ತಾರೆ. ಬೆಂಕಿ ಇಂಜಿನ್ನು, ಆಂಬುಲೆನ್ಸು ಹೋಗಬೇಕಲ್ಲ ಅಂತ.

ಅಲ್ಲಿ ಸಮ ಬೆಸ ಅನ್ನುವುದು ಮನೆ ನಂಬರಿಗೆ. ಅದನ್ನು ಇಲ್ಲಿಗೆ ತಂದಿದ್ದರೆ ಕಥೆ ಏನಾಗುತ್ತಿತ್ತು ನೋಡಿ. ನಮ್ಮ ಮನೆ ಹೊಸ ನಂಬರು 27/1. ಹಳೇ ನಂಬರು 14-ಎ. ಪಕ್ಕದ ಮನೆ 31. ಅದರ ಪಕ್ಕದ್ದು ಮತ್ತೆ 27, ಅಣ್ಣತಮ್ಮಂದಿರ ಪಾಲಾದಾಗ ಹಾರಿದ್ದು. ಕೊರಿಯರ್ ಹುಡುಗರು ನಮ್ಮ ರಸ್ತೆಗೆ ಬಂದರೆ ನಂಬರು ಕೇಳುವುದೇ ಇಲ್ಲ, "ನುಗ್ಗೆ ಮರ ಇರೋ ಮನೇನಾ ಸಾರ್?" ಅನ್ನುತ್ತಾರೆ. ಆ ನುಗ್ಗೆ ಮರ ಬಿದ್ದು ಎರಡು ವರ್ಷವಾಯಿತು.

ಇನ್ನು ಹಿಮ. ಬೆಂಗಳೂರಿನ ದಾಖಲೆ ಚಳಿ 1884ರ ಜನವರಿಯದು, 7.8 ಡಿಗ್ರಿ. ಆಗ ಪೆಟ್ರೋಲ್ ಕಾರೇ ಹುಟ್ಟಿರಲಿಲ್ಲ. ನಮ್ಮಲ್ಲಿ ಬೀಳುವುದು ಎಲೆ. ಜನವರಿ ಬಂತೆಂದರೆ ಹೊಂಗೆ ಉದುರಲು ಶುರು. ಅದನ್ನು ಬಾಚಲು ಗಾಡಿ ಬರುವುದಿಲ್ಲ, ಉದ್ದ ಪೊರಕೆ ಹಿಡಿದು ಪೌರಕಾರ್ಮಿಕ ಹೆಂಗಸು ಬರುತ್ತಾಳೆ. ಬಗ್ಗಿ ಬಗ್ಗಿ ಕಾರಿನಡಿಯ ಎಲೆ ಎಳೆಯುತ್ತಾಳೆ. ಅವಳಿಗಾಗಿ ಯಾರೂ ಎಮರ್ಜೆನ್ಸಿ ಸಾರಿದ್ದು ನಾನು ಕೇಳಿಲ್ಲ.

ಧನುರ್ಮಾಸದಲ್ಲಿ ಇನ್ನೊಂದು ತಮಾಷೆ. ಹೆಂಗಸರು ಮುಂಜಾನೆ ರಂಗೋಲಿ ಹಾಕಲು ಬಂದರೆ ಬಾಗಿಲ ಮುಂದೆ ಯಾರದೋ ಕಾರು. ಟೈರಿನ ಸುತ್ತ ಬಳ್ಳಿ ಬಿಟ್ಟು, ಬಂಪರಿನ ಕೆಳಗೆ ಕಮಲ ಬಿಡಿಸುವ ಹೊಸ ಕಲೆ ಬೆಳೆದಿದೆ. ಆದರೆ ಈ ತಿಂಗಳಿಗೆ ನಾನು ಋಣಿ. ಶೂನ್ಯಮಾಸ ಅಂತ ಯಾರೂ ಹೊಸ ಕಾರು ಮನೆಗೆ ತರುವುದಿಲ್ಲ. ವರ್ಷಾಂತ್ಯದ ಡಿಸ್ಕೌಂಟಿನಲ್ಲಿ ಬುಕ್ ಮಾಡಿ, ಸಂಕ್ರಾಂತಿ ಆದ ಮೇಲೆ ನಿಂಬೆಹಣ್ಣಿನ ಮೇಲೆ ಹತ್ತಿಸಿ ತರುತ್ತಾರೆ. ಒಂದು ಕೋಟಿಗೂ ಜಾಸ್ತಿ ಗಾಡಿ ಇರುವ ಈ ಊರಿನಲ್ಲಿ ನಿಜವಾಗಿ ಜಾರಿಯಲ್ಲಿರುವ ಪಾರ್ಕಿಂಗ್ ನೀತಿ ಅದೊಂದೇ.

ಬರೆದಿಟ್ಟ ನೀತಿ ಬೇರೆ ಇದೆ, ಪಾರ್ಕಿಂಗ್ ನೀತಿ 2.0. 2021ರಲ್ಲಿ ಸರ್ಕಾರ ಒಪ್ಪಿದ್ದು. ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಲು ಪರ್ಮಿಟ್: ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000. ಸಣ್ಣದಕ್ಕೆ ದಿನಕ್ಕೆ ಮೂರು ರೂಪಾಯಿಯೂ ಇಲ್ಲ. ಆ ದುಡ್ಡಿಗೆ ಬೈಟು ಕಾಫಿಯ ಅರ್ಧವೂ ಬರುವುದಿಲ್ಲ. ಅದೂ ಜಾಸ್ತಿಯಾಯಿತು ಅಂತ ಜನ ಕೂಗಿದರು. ನಾನೂ ಕೂಗಿದೆ. ದಂಡದ ಭಯವೋ? ಅದಕ್ಕೂ ಆಷಾಢ ಸೇಲ್ ಬರುತ್ತದೆ. 2023ರ ಫೆಬ್ರವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಅಂದಾಗ ಕೆಲವೇ ದಿನದಲ್ಲಿ 100 ಕೋಟಿಗೂ ಜಾಸ್ತಿ ಬಂತು. 2025ರಲ್ಲಿ ಇನ್ನೊಮ್ಮೆ ಬಿಟ್ಟರು. ಪೂರ್ತಿ ದಂಡ ಕಟ್ಟಿದವನೇ ಪೆದ್ದ.

ಮೂರನೇ ವಾರಕ್ಕೆ ರಾತ್ರಿ ಕೆಳಗೆ ಇಳಿಯುವುದನ್ನು ಎಲ್ಲರೂ ಬಿಟ್ಟರು. ಅರ್ಧ ಕಾರು ಸಮದಲ್ಲಿ ನಿಂತವು, ಅರ್ಧ ಬೆಸದಲ್ಲಿ.

ಜನವರಿ ಮೊದಲ ವಾರ, ರಾತ್ರಿ ಎರಡೂವರೆ. ಕೊನೆ ಮನೆಯ ಅಜ್ಜಿಗೆ ಉಸಿರು ಕಟ್ಟಿತು. ಆಂಬುಲೆನ್ಸ್ ತಿರುವಿನಲ್ಲೇ ನಿಂತಿತು. ಒಳಗೆ ಬಂದದ್ದು ಸೈರನ್ ಮಾತ್ರ. ನಾಲ್ಕು ಜನ ಸೇರಿ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಕಾರುಗಳ ನಡುವೆ ಅಡ್ಡಡ್ಡ ತಿರುಗಿಸುತ್ತಾ ಹೊತ್ತು ನಡೆದೆವು. ಏಳೆಂಟು ನಿಮಿಷ ಹಿಡಿಯಿತು. ಸಾಕಾಗಿದೆ ನನಗೆ. ಬೋರ್ಡು ನೆಟ್ಟವರು ಒಂದು ದಿನ ತಿರುಗಿ ನೋಡಲಿಲ್ಲ. ನಾವೋ, ಇರುವ ಗ್ಯಾರೇಜನ್ನೆಲ್ಲ ಬಾಡಿಗೆಗೆ ಕೊಟ್ಟು ರಸ್ತೆಯನ್ನು ಗ್ಯಾರೇಜ್ ಮಾಡಿಕೊಂಡವರು. ಮೇಷ್ಟ್ರದ್ದು ಟ್ಯೂಷನ್ನು, ಭಟ್ಟರದ್ದು ಜೆರಾಕ್ಸು. ನನ್ನ ಗ್ಯಾರೇಜಿನಲ್ಲಿ ಸೀರೆಗೆ ಫಾಲ್ ಹಾಕುವ ಅಂಗಡಿ ಇದೆ, ತಿಂಗಳಿಗೆ 11,000 ಬರುತ್ತದೆ. ಪ್ಲಾನಿನಲ್ಲಿ ಅದು ಇವತ್ತಿಗೂ ಕಾರಿನ ಜಾಗ.

ಅಜ್ಜಿ ಉಳಿದರು. ಐದನೇ ದಿನ ವಾಪಸ್ ಬಂದಾಗಲೂ ಗಾಡಿ ತಿರುವಿನಲ್ಲೇ ನಿಂತಿತು, ಅದೇ ಕುರ್ಚಿ, ಅದೇ ನಾಲ್ಕು ಜನ. ಈ ಸಲ ಹಗಲು. ಅಜ್ಜಿ ಕುರ್ಚಿಯಲ್ಲಿ ಕೂತು ಬಸವನ ಮೆರವಣಿಗೆಯ ಹಾಗೆ ಎರಡೂ ಕಡೆ ನೋಡುತ್ತಾ ಬಂದರು. ನಮ್ಮ ಮನೆ ಹತ್ತಿರ ಬಂದಾಗ ಕೈ ಚಾಚಿ ಬಾನೆಟ್ ಸವರಿದರು.

"ಯಾರದ್ದಪ್ಪಾ ಇದು? ಚೆನ್ನಾಗಿ ತೊಳೆದಿಟ್ಟಿದಾರೆ."

ನಾನು ಕುರ್ಚಿಯ ಹಿಂದಿನ ಎಡಗಾಲು ಹಿಡಿದಿದ್ದೆ. "ಹುಷಾರು ಅಜ್ಜಿ, ಮುಂದೆ ಚಪ್ಪಡಿ ಇದೆ" ಅಂದೆ.