ಎಷ್ಟು ದೇಶ ಆಯಿತು ಎಂದು ಕೇಳುವವರಿಗೆ

ವಿದೇಶದಲ್ಲಿ ಒಂದು ವರ್ಷ ಸ್ವಯಂಸೇವೆ ಮಾಡಿ, ಕೊನೆಗೆ ಮನೆಯವರನ್ನೂ ಕರೆಸಿಕೊಂಡು ಯೂರೋಪು ಸುತ್ತಿದವರಿಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ದೇಶ ಆಯಿತು? ಮೂರು ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅಷ್ಟು ದೂರ ಹೋಗಿ ಮೂರೇ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಷವಿಡೀ ಒಂದೇ ಊರಿನಲ್ಲಿ ದುಡಿದವರು, ಮನೆಯವರು ಬಂದಿಳಿದ ಕೂಡಲೇ ಪ್ಯಾಕೇಜ್ ಪ್ರವಾಸದ ಪಟ್ಟಿ ಹಿಡಿದು ಓಡಬಾರದು. ಪಟ್ಟಿಯ ಪ್ರಕಾರ ಸುತ್ತಿಸಲು ಟೂರ್ ಕಂಪನಿಗಳಿವೆ, ಅವು ನಮಗಿಂತ ಅಚ್ಚುಕಟ್ಟಾಗಿ ಆ ಕೆಲಸ ಮಾಡುತ್ತವೆ. ವರ್ಷ ಇದ್ದವರ ಹತ್ತಿರ ಇರುವ ಬಂಡವಾಳ ಬೇರೆ: ಒಂದು ಊರಿನ ಪರಿಚಯ. ಪ್ರವಾಸ ಅಲ್ಲಿಂದಲೇ ಹೊರಡಬೇಕು, ಅದರ ಸುತ್ತಮುತ್ತಲೇ ಇರಬೇಕು.

ನಾನಿದ್ದದ್ದು ಜರ್ಮನಿಯ ನೈರುತ್ಯ ಮೂಲೆಯ ಫ್ರೈಬುರ್ಗ್‌ನಲ್ಲಿ, ಒಂದು ವೃದ್ಧಾಶ್ರಮದಲ್ಲಿ. 2011ರವರೆಗೆ ಜರ್ಮನಿಯಲ್ಲಿ ಕಡ್ಡಾಯ ಸೈನಿಕ ಸೇವೆ ಇತ್ತು. ಬಂದೂಕು ಹಿಡಿಯಲು ಒಪ್ಪದ ಹುಡುಗರು ಅದರ ಬದಲಿಗೆ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದರು. ಕಡ್ಡಾಯ ಸೇವೆ ನಿಂತಾಗ ಆ ಕೈಗಳೂ ಇಲ್ಲವಾದವು. ಆ ಜಾಗ ತುಂಬಲು ಸರ್ಕಾರವೇ ಒಂದು ಸ್ವಯಂಸೇವಾ ಯೋಜನೆ ತಂದಿತು. ಹೊರದೇಶದವರಿಗೂ ಅದರಲ್ಲಿ ಅವಕಾಶವಿದೆ. ಸಂಬಳವಿಲ್ಲ. ಕೈಖರ್ಚಿಗೆ ಒಂದಿಷ್ಟು ಹಣ, ಆರೋಗ್ಯ ವಿಮೆ, ವರ್ಷಕ್ಕೆ 25 ದಿನಗಳ ತರಬೇತಿ ಶಿಬಿರ. ಶ್ರೀಮಂತ ದೇಶಕ್ಕೆ ಬಿಟ್ಟಿ ಚಾಕರಿ ಎಂದು ಚಿಕ್ಕಪ್ಪ ಹಂಗಿಸಿದ್ದರು. ಶ್ರೀಮಂತ ದೇಶದಲ್ಲೂ ತೊಂಬತ್ತು ದಾಟಿದವರು ಕಾಲುಚೀಲವನ್ನು ತಾವೇ ಹಾಕಿಕೊಳ್ಳಲಾರರು ಎಂಬುದು ಅವರಿಗೆ ಹೊಳೆದಿರಲಿಲ್ಲ. ಅಂದ ಹಾಗೆ, 1920ರಲ್ಲಿ ಸ್ವಿಟ್ಜರ್ಲೆಂಡಿನ ಶಾಂತಿವಾದಿ ಪಿಯರ್ ಸೆರೆಸೋಲ್ ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ವೆರ್ದೂನ್ ಬಳಿಯ ಫ್ರೆಂಚ್ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಜರ್ಮನರನ್ನೂ ಸೇರಿಸಿಕೊಂಡು ಹೋದರು. 1934ರ ಭೂಕಂಪದ ನಂತರ ಬಿಹಾರಕ್ಕೂ ಬಂದು ದುಡಿದವರು ಅವರೇ. ಯಾವುದು ಬಡ ದೇಶ, ಯಾವುದು ಸಿರಿವಂತ ದೇಶ ಎಂದು ಅಳೆದು ಹೊರಟವರಲ್ಲ.

ಅಪ್ಪ, ಅಮ್ಮ, ತಂಗಿ ಬರುವುದು ನಿಶ್ಚಯವಾದಾಗ ಮೊದಲು ಎದುರಾದದ್ದು ಕಾಗದಪತ್ರ. ಕೈಖರ್ಚಿನ ಹಣದಲ್ಲಿ ಬದುಕುವವರು ಬೇರೆಯವರ ಪ್ರವಾಸಕ್ಕೆ ಜಾಮೀನು ನಿಲ್ಲುವ ಮಾತೇ ಇಲ್ಲ. ಅಪ್ಪನೇ ತಮ್ಮ ಬ್ಯಾಂಕ್ ಖಾತೆಯ ವಿವರ ಕೊಟ್ಟು, ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಿದರು. ತಲಾ 90 ಯೂರೊ ಶುಲ್ಕ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ. ಎಲ್ಲಿ ಹೆಚ್ಚು ದಿನ ತಂಗುತ್ತೀರೋ ಆ ದೇಶದ ವೀಸಾವನ್ನೇ ಪಡೆಯಬೇಕು ಎಂಬ ನಿಯಮ ನನ್ನ ಪಾಲಿಗೆ ವರವಾಯಿತು. ಜರ್ಮನಿಯ ವೀಸಾ, ಆದ್ದರಿಂದ ಹೆಚ್ಚು ದಿನ ಜರ್ಮನಿಯಲ್ಲೇ. ಅಪ್ಪ ಬರೆದು ಕಳಿಸಿದ್ದ ಪಟ್ಟಿಯಿಂದ ವೆನಿಸ್, ಪ್ರಾಗ್, ಆಮ್‌ಸ್ಟರ್‌ಡ್ಯಾಮ್‌ಗಳನ್ನು ಹೊಡೆದುಹಾಕಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಲಂಡನ್ ತಾನಾಗಿಯೇ ಬಿದ್ದುಹೋಯಿತು. ಬ್ರಿಟನ್ ಷೆಂಗೆನ್ ಒಳಗಿಲ್ಲ, ಅದಕ್ಕೆ ಬೇರೆಯೇ ವೀಸಾ.

ಇನ್ನೊಂದು ಸಂಗತಿ ಮಾತ್ರ ನನಗೆ ಈಗಲೂ ತಮಾಷೆಯಾಗಿ ಕಾಣುತ್ತದೆ. ಯೂರೋಪಿನ ರೈಲು ಪಾಸುಗಳಲ್ಲಿ ಎರಡು ಪಂಕ್ತಿ. ಅಲ್ಲಿ ವಾಸಿಸುವವರಿಗೆ ಇಂಟರ್‌ರೇಲ್, ಹೊರಗಿನಿಂದ ಬಂದವರಿಗೆ ಯುರೇಲ್. ರೈಲುಗಳು ಅವೇ, ಆಸನಗಳೂ ಅವೇ. ವಾಸದ ಪರವಾನಗಿ ಜೇಬಿನಲ್ಲಿದ್ದ ನಾನು ಮೊದಲ ಪಂಕ್ತಿ, ನನ್ನನ್ನು ಹೆತ್ತವರು ಎರಡನೆಯದು. (ಕೊನೆಗೆ ಎರಡನ್ನೂ ಕೊಳ್ಳಲಿಲ್ಲ. ಹತ್ತಿರದಲ್ಲೇ ಸುತ್ತುವವರಿಗೆ ಅವು ಗಿಟ್ಟುವುದಿಲ್ಲ.) ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲೂ ಅದೇ ಕಥೆ: ಯೂರೋಪಿಯನ್ ಆರ್ಥಿಕ ವಲಯದಲ್ಲಿ ವಾಸವಿರುವ, 26 ತುಂಬದವರಿಗೆ ಪ್ರವೇಶ ಉಚಿತ. ನಾನು ಕಾರ್ಡ್ ತೋರಿಸಿ ಒಳಗೆ ಹೋದೆ, ನನಗಿಂತ ಚಿಕ್ಕವಳು ದುಡ್ಡು ತೆತ್ತು ಬಂದಳು. ಆ ದಿನವೆಲ್ಲ ತಂಗಿ ನನ್ನನ್ನು ಕರೆದದ್ದು "ಬನ್ನಿ ನಿವಾಸಿಗಳೇ" ಎಂದು.

ಮನೆಯವರನ್ನು ಮೊದಲು ಕರೆದುಕೊಂಡು ಹೋದದ್ದು ವೃದ್ಧಾಶ್ರಮಕ್ಕೆ. ಇದರಲ್ಲಿ ನಾನು ಯಾರ ಮಾತನ್ನೂ ಕೇಳಲಿಲ್ಲ. ರಜೆ ಕಳೆಯಲು ಬಂದು ಕಾಯಿಲೆಯವರನ್ನು ನೋಡುವುದೇನು ಎಂದು ಅಪ್ಪನ ಮುಖದಲ್ಲೇ ಬರೆದಿತ್ತು. ಮಧ್ಯಾಹ್ನದ ಕಾಫಿ, ಕೇಕಿನ ಹೊತ್ತು. ಮರೆವಿನ ಕಾಯಿಲೆ ಇರುವವರ ವಿಭಾಗದಲ್ಲಿ ಒಬ್ಬ ಅಜ್ಜಿಗೆ ಬಟ್ಟೆ ಮಡಿಸಲು ಕೊಡುವುದು ವಾಡಿಕೆ. ಒಗೆದು ಬಂದ ಕರವಸ್ತ್ರಗಳ ಬುಟ್ಟಿಯನ್ನು ಮುಂದಿಟ್ಟರೆ ಅವರ ಕೈ ತಾನಾಗಿ ಓಡುತ್ತದೆ, ಚಡಪಡಿಕೆ ಇಳಿಯುತ್ತದೆ. ಅಮ್ಮ ಪಕ್ಕದಲ್ಲಿ ಕುಳಿತು ತಾನೂ ಒಂದನ್ನು ಎತ್ತಿಕೊಂಡಳು, ನಾಲ್ಕು ಮಡಿಕೆ ಮಾಡಿ ಇಟ್ಟಳು. ಅಜ್ಜಿ ಅದನ್ನು ತೆಗೆದು ಬಿಚ್ಚಿ, ಮೂರು ಮಡಿಕೆ ಮಾಡಿ, ಅಂಚನ್ನು ಹೆಬ್ಬೆರಳಿನ ಉಗುರಿನಿಂದ ತೀಡಿ, ಅಮ್ಮನ ಎದುರಿಗಿಟ್ಟು ದಿಟ್ಟಿಸಿದರು. ಅಮ್ಮ ಮುಂದಿನದನ್ನು ಮೂರು ಮಡಿಕೆ ಮಾಡಿದಳು, ಅಂಚು ತೀಡುವುದನ್ನು ಬಿಟ್ಟಳು. ಅದೂ ವಾಪಸ್ ಬಂತು. ಬುಟ್ಟಿ ಬರಿದಾಗುವಷ್ಟರಲ್ಲಿ ಅಮ್ಮ ಅಂತೂ ತೇರ್ಗಡೆಯಾಗಿದ್ದಳು. ಒಂದು ಮಾತನ್ನೂ ನಾನು ಅನುವಾದಿಸಬೇಕಾಗಲಿಲ್ಲ. ಆ ಅಜ್ಜಿ ವರ್ಷವಿಡೀ ನನ್ನ ಹೆಸರನ್ನೇ ನೆನಪಿಟ್ಟುಕೊಂಡವರಲ್ಲ, ಅಮ್ಮನನ್ನು ಸಂಜೆಯೊಳಗೇ ಮರೆತಿರುತ್ತಾರೆ. ಆದರೆ ನಾನು ತಿಂಗಳುಗಟ್ಟಲೆ ಫೋನಿನಲ್ಲಿ ಹೇಳಿ ಹೇಳಿ ಸೋತದ್ದು ಅಮ್ಮನಿಗೆ ಒಂದು ಬುಟ್ಟಿ ಬಟ್ಟೆಯಲ್ಲಿ ತಿಳಿಯಿತು: ಈ ಕೆಲಸಕ್ಕೆ ಕರುಣೆಗಿಂತ ಹೆಚ್ಚಾಗಿ ಬೇಕಾದದ್ದು, ಇನ್ನೊಬ್ಬರು ತಿದ್ದಿದಾಗ ಸುಮ್ಮನೆ ತಿದ್ದಿಸಿಕೊಳ್ಳುವ ತಾಳ್ಮೆ. ಅಷ್ಟರಲ್ಲಿ ಅಪ್ಪ ಕಿಟಕಿಯ ಪಕ್ಕದ ತಾತನೊಂದಿಗೆ ಚದುರಂಗ ಆಡಿ ಸೋತಿದ್ದರು. ನಾಳೆಯೂ ಬರೋಣವೇ ಎಂದು ಕೇಳಿದ್ದು ಅವರೇ.

ಅಲ್ಲಿಂದ ಮುಂದೆ ಎಲ್ಲವೂ ಆಸುಪಾಸಿನ ಓಡಾಟ. ತಿಂಗಳಿಗೆ 58 ಯೂರೊ ಕೊಟ್ಟರೆ ಜರ್ಮನಿಯ ನಗರ ಬಸ್, ಟ್ರಾಮ್, ಪ್ರಾದೇಶಿಕ ರೈಲುಗಳಲ್ಲೆಲ್ಲ ಓಡಾಡಬಹುದಾದ ಡಾಯ್ಚ್‌ಲಾಂಡ್ ಟಿಕೆಟನ್ನು ಮೂವರಿಗೂ ಮಾಡಿಸಿದೆ. (2026ರಿಂದ ಅದು 63 ಯೂರೊ ಆಗಿದೆ.) ಅದರಲ್ಲಿ ದೂರದೂರಿನ ವೇಗದ ರೈಲು ಹತ್ತುವಂತಿಲ್ಲ. ಇದನ್ನು ಕೊರತೆ ಎನ್ನುವವರು ಕಪ್ಪು ಕಾಡಿನ (ಬ್ಲ್ಯಾಕ್ ಫಾರೆಸ್ಟ್) ರೈಲಿನಲ್ಲಿ ಒಮ್ಮೆ ಕುಳಿತು ನೋಡಲಿ. ಆಫೆನ್‌ಬುರ್ಗ್‌ನಿಂದ ಕೊನ್‌ಸ್ಟಾನ್ಸ್‌ಗೆ ಹೋಗುವ ಈ ದಾರಿ 1873ರಲ್ಲಿ ಪೂರ್ತಿಯಾದದ್ದು. ಬೆಟ್ಟ ಏರುವಾಗ ಹಳಿ ಸುತ್ತಿ ಸುತ್ತಿ ಹೋಗುತ್ತದೆ, ಒಟ್ಟು 39 ಸುರಂಗಗಳು. ಎಣಿಸುತ್ತೇನೆಂದು ಹೊರಟ ತಂಗಿ ಅರ್ಧದಾರಿಯಲ್ಲೇ ನಿದ್ದೆಹೋದಳು.

ಕೊನ್‌ಸ್ಟಾನ್ಸ್‌ಗೆ ಅಂಟಿಕೊಂಡೇ ಸ್ವಿಟ್ಜರ್ಲೆಂಡಿನ ಕ್ರೊಯಿಟ್ಸ್‌ಲಿಂಗನ್ ಇದೆ. ಸರೋವರದ ದಡದಲ್ಲಿ ಎರಡು ದೇಶಗಳ ಗಡಿ ಎಂದರೆ ಸಾಲಾಗಿ ನಿಂತ ಶಿಲ್ಪಗಳು, ಅಷ್ಟೇ. ಅಪ್ಪ ಅವುಗಳ ನಡುವೆ ಒಮ್ಮೆ ಆಚೆ ಹೋಗಿ, ಒಮ್ಮೆ ಈಚೆ ಬಂದು, "ಇಷ್ಟಕ್ಕೇ ಅಷ್ಟು ಕಾಗದ ಕೊಡಿಸಿದರೇ?" ಎಂದರು. ಆಗ 2020ರ ಕಥೆ ಹೇಳಿದೆ. ಕೊರೊನಾ ಬಂದ ಆ ವಸಂತದಲ್ಲಿ ಇಲ್ಲಿ ಬೇಲಿ ಎದ್ದಿತು. ಆಚೀಚೆ ಸಿಕ್ಕಿಕೊಂಡ ಪ್ರೇಮಿಗಳು, ಒಡಹುಟ್ಟಿದವರು ಬೇಲಿಗೆ ಬಂದು ಕೈ ಕೈ ಹಿಡಿದು ಮಾತಾಡತೊಡಗಿದರು. ಅದು ಬೇಡವೆಂದು ಸ್ವಲ್ಪ ಅಂತರ ಬಿಟ್ಟು ಎರಡನೆಯ ಬೇಲಿಯನ್ನೂ ಹಾಕಿದರು. ಮೊದಲ ಬೇಲಿಯನ್ನು ಹೇಗೋ ಒಪ್ಪಬಹುದು, ಆ ಎರಡನೆಯದನ್ನು ಯೋಚಿಸಿದವರು ಯಾರೋ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಆ ವರ್ಷ ಎಷ್ಟೋ ಸ್ವಯಂಸೇವಕರು ಸೇವೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳಬೇಕಾಯಿತು. ಮನೆಯವರೊಂದಿಗೆ ಗಡಿ ದಾಟುವುದು ಸಣ್ಣ ಮಾತಲ್ಲ.

ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ಗೆ ಜರ್ಮನಿಯ ಕೇಲ್ ಊರಿನಿಂದ ರೈನ್ ನದಿಯ ಕಾಲುಸೇತುವೆ ದಾಟಿ ನಡೆದೇ ಹೋದೆವು. 1871ರಿಂದ 1944ರೊಳಗೆ ಈ ಎರಡು ದೇಶಗಳ ನಡುವೆ ನಾಲ್ಕು ಸಲ ಕೈಬದಲಾದ ಊರು ಅದು. ಅಲ್ಲಿಂದ ಪ್ಯಾರಿಸ್‌ಗೆ ವೇಗದ ರೈಲಿನಲ್ಲಿ ಎರಡು ಗಂಟೆಯೂ ಇಲ್ಲ. ಪ್ಯಾರಿಸ್ ಬಗ್ಗೆ ನಾನು ಹೇಳುವುದು ಹೆಚ್ಚೇನಿಲ್ಲ, ಐಫೆಲ್ ಗೋಪುರ ಎಲ್ಲರ ಫೋಟೊದಲ್ಲಿ ಇದ್ದಂತೆಯೇ ಇದೆ. ಆದರೆ ಅಲ್ಲಿ ಒಂದು ದಿನ ಬೇಕೆಂದೇ ಹೊರಗೆ ಬರದೆ ಕೋಣೆಯಲ್ಲೇ ಉಳಿದೆ. ವರ್ಷ ಇದ್ದವರಿಗೆ ಒಂದು ಚಟ ಅಂಟುತ್ತದೆ: ಟಿಕೆಟ್, ದಾರಿ, ಊಟ, ಎಲ್ಲದಕ್ಕೂ ತಾವೇ ಬಾಯಿ. ಹೀಗಾದರೆ ಜೊತೆಗೆ ಬಂದವರು ಸೂಟ್‌ಕೇಸ್ ಆಗಿಬಿಡುತ್ತಾರೆ. ಮೂವರೂ ಮೆಟ್ರೋದಲ್ಲಿ ತಪ್ಪು ದಿಕ್ಕಿಗೆ ಹೋಗಿ, ಯಾರನ್ನೋ ಕೇಳಿ, ಕೈಸನ್ನೆ ಮಾಡಿ, ರಾತ್ರಿ ಗೆದ್ದವರಂತೆ ಬಂದರು. ಇಡೀ ಪ್ರವಾಸದಲ್ಲಿ ಅವರು ಅತಿ ಹೆಚ್ಚು ಹೇಳಿಕೊಳ್ಳುವುದು ನಾನಿಲ್ಲದ ಆ ದಿನದ ಬಗ್ಗೆ. ನನಗೇನೂ ಬೇಸರವಿಲ್ಲ.

ಸೇವೆಯಲ್ಲಿರುವವರಿಗೆ ಒಂದೇ ಮಾತು: ವಾಸದ ಪರವಾನಗಿ ಯಾವ ದಿನಕ್ಕೆ ಮುಗಿಯುತ್ತದೆ ಎಂದು ನೋಡಿಕೊಂಡೇ ಮನೆಯವರಿಗೆ ಟಿಕೆಟ್ ಮಾಡಿಸಿ. ಸೇವೆ ಮುಗಿದ ಮೇಲೆ ನಿಧಾನವಾಗಿ ಸುತ್ತೋಣ ಎಂದುಕೊಂಡರೆ ಅವರ ವೀಸಾ ಚಾಲ್ತಿಯಲ್ಲಿರುತ್ತದೆ, ನಿಮ್ಮ ಅವಧಿ ಮುಗಿದಿರುತ್ತದೆ.

ಹೊರಡುವ ಹಿಂದಿನ ದಿನ ಅಪ್ಪ ಆಶ್ರಮದ ಮೇಲ್ವಿಚಾರಕಿಯನ್ನು ಈ ಸೇವೆಗೆ ವಯಸ್ಸಿನ ಮಿತಿ ಇದೆಯೇ ಎಂದು ಕೇಳಿದರು. ಇಲ್ಲ. 27 ದಾಟಿದವರು ಪೂರ್ತಿ ಹೊತ್ತು ದುಡಿಯಬೇಕೆಂದೂ ಇಲ್ಲ, ವಾರಕ್ಕೆ 20 ಗಂಟೆ ಮೀರಿದರೆ ಸಾಕು. ಈಗ ಅಪ್ಪ ಮೊಬೈಲಿನಲ್ಲಿ ಜರ್ಮನ್ ಕಲಿಯುತ್ತಿದ್ದಾರೆ. ಸೇವೆಗಲ್ಲ, ಚದುರಂಗದ ಸೇಡು ತೀರಿಸಿಕೊಳ್ಳಲು ಎಂದು ಅಮ್ಮನ ವಾದ.